ವಿದ್ಯಾರ್ಥಿಯ ಅಶನವಸತಿಗಳು: ಶಾಸನಗಳ ಸಾಕ್ಷ್ಯ

ಪ್ರಾಚೀನ ಭಾರತದ ವಿದ್ಯಾಭ್ಯಾಸಕ್ರಮವನ್ನು ವರ್ಣಿಸುವ ಗ್ರಂಥಗಳಲ್ಲಿ ಎರಡು ವಿಷಯಗಳು ವಿಸ್ತಾರವಾಗಿ ವಿಚಾರಿತವಾಗಿರುವುವು. ಆಗ ಓದುತ್ತಿದ್ದ ಶಾಸ್ತ್ರಗಳಾವುವು ಎಂಬುದೊಂದು. ಗುರುಶಿಷ್ಯರ ಪರಸ್ಪರಧರ್ಮವೇನು ಎಂಬುದು ಮತ್ತೊಂದು. ಓದುವ ಹುಡುಗನು ಎಲ್ಲಿ ಮಲಗುತ್ತಿದ್ದನು, ಏನನ್ನು ಉಣ್ಣುತ್ತಿದ್ದನು, ರಾತ್ರಿಯ ದೀಪಕ್ಕೆ ಎಣ್ಣೆಯನ್ನು ಯಾರು ಕೊಡುತ್ತಿದ್ದರು, ಜ್ವರ ಬಂದರೆ ನೋಡುವವರಾರು ಎಂಬ ಪ್ರಶ್ನೆಗಳು ಅಲ್ಪವೆಂಬ ಭಾವನೆಯಿಂದಲೋ ಏನೋ ಬದಿಗೆ ಸರಿದಿವೆ. ದಾನಶಾಸನಗಳನ್ನು ಬರೆಯಿಸಿದವರಿಗಾದರೋ ಅವು ಅಲ್ಪವಾಗಿರಲಿಲ್ಲ. ವಿದ್ಯೆಯ ಮಹಿಮೆಯನ್ನು ಒಂದೆರಡು ಶ್ಲೋಕಗಳಲ್ಲಿ ಮುಗಿಸಿ, ಅಕ್ಕಿ ಎಣ್ಣೆಗಳ ಲೆಕ್ಕವನ್ನು ಹಲವು ಪಂಕ್ತಿಗಳಲ್ಲಿ ಕಲ್ಲಿನ ಮೇಲೆ ಕೊರೆಯಿಸಿದವರು ಅವರು. ಪ್ರಕೃತ ಲೇಖನದ ಪ್ರತಿಪಾದ್ಯವಿಷ್ಟೆ: ನಮ್ಮ ಪ್ರಾಚೀನ ಶಾಲೆಗಳಲ್ಲಿ ಅಶನವಸತಿಗಳ ಏರ್ಪಾಡು ವಿದ್ಯೆಗೆ ಹೊರಗಿನ ಉಪಚಾರವಾಗಿರಲಿಲ್ಲ, ಯಾರು ಓದಬಹುದು, ಎಷ್ಟು ಮಂದಿ ಓದಬಹುದು ಎಂಬುದನ್ನು ನಿರ್ಣಯಿಸುತ್ತಿದ್ದ ನಿಯಮವೇ ಅದಾಗಿತ್ತು.

೧

ಮೊದಲು ಧರ್ಮಸೂತ್ರಗಳ ಮತವನ್ನು ನೋಡುವುದು ಉಚಿತ. ಅಲ್ಲಿ ಶಿಷ್ಯನು ಗುರುವಿನ ಮನೆಯಲ್ಲಿ ವಾಸಿಸತಕ್ಕವನು, ಭಿಕ್ಷಾನ್ನದಿಂದ ಜೀವಿಸತಕ್ಕವನು. ಭಿಕ್ಷೆಯನ್ನು ತಂದು ಗುರುವಿಗೆ ನಿವೇದಿಸಿ, ಅವನ ಅನುಜ್ಞೆಯಿಂದ ಉಣ್ಣಬೇಕು. ವೇತನವನ್ನು ಗೊತ್ತುಮಾಡಿಕೊಂಡು ಪಾಠ ಹೇಳುವ ಭೃತಕಾಧ್ಯಾಪಕನು ನಿಂದ್ಯನು. ದಕ್ಷಿಣೆಯು ವಿದ್ಯೆ ಮುಗಿದ ಮೇಲಿನ ಮಾತು.

ಈ ವ್ಯವಸ್ಥೆಯಲ್ಲಿ ನಿಯಮವೆಲ್ಲ ಶಿಷ್ಯನಿಗೆ ಮಾತ್ರವೆಂದು ತಿಳಿಯಲಾಗದು. ಆಪಸ್ತಂಬನು ಗುರುವನ್ನೂ ಕಟ್ಟಿಗೆ ಒಳಪಡಿಸಿದ್ದಾನೆ. ಶಿಷ್ಯನನ್ನು ಮಗನಂತೆ ಕಾಣಬೇಕು. ಆಪತ್ಕಾಲವನ್ನುಳಿದು, ಓದಿಗೆ ವಿಘ್ನವಾಗುವಂತೆ ತನ್ನ ಕೆಲಸಗಳಿಗೆ ಅವನನ್ನು ತಡೆಹಿಡಿಯಬಾರದು. ಪಾಠ ಹೇಳುವುದನ್ನು ತಪ್ಪಿಸುವ ಆಚಾರ್ಯನು ಆಚಾರ್ಯನೇ ಅಲ್ಲ ಎಂಬುದು ಅವನ ನಿರ್ಣಯ. ಗೌತಮನು ದಂಡನೆಗೂ ಮಿತಿಯನ್ನು ಹೇಳುತ್ತಾನೆ. ಹೊಡೆಯದೆಯೇ ಶಿಷ್ಯನನ್ನು ತಿದ್ದಬೇಕು. ಅದು ಅಶಕ್ಯವಾದಾಗ ಮಾತ್ರ ತೆಳುವಾದ ಹಗ್ಗವನ್ನೋ ಬಿದಿರಿನ ಸೀಳನ್ನೋ ಬಳಸಬಹುದು. ಬೇರೊಂದರಿಂದ ಹೊಡೆದವನು ರಾಜನಿಂದ ದಂಡ್ಯನು. ಪೆಟ್ಟು ಬೆನ್ನಿನ ಮೇಲೆ ಬೀಳಬಹುದಲ್ಲದೆ ತಲೆಯ ಮೇಲೆ ಎಂದೂ ಬೀಳಬಾರದೆಂದೂ, ಮೀರಿದವನಿಗೆ ಕಳ್ಳನ ದೋಷವು ತಗಲುವುದೆಂದೂ ಮನುಸ್ಮೃತಿಯು ಸೇರಿಸುತ್ತದೆ.

ಆದರೆ ಇವೆಲ್ಲವೂ ಒಂದು ಮನೆಯೊಳಗಿನ ಧರ್ಮ. ಗುರುಗೃಹವು ಎಷ್ಟು ಮಂದಿಗೆ ಎಡೆಕೊಡಬಲ್ಲುದೋ ಅಷ್ಟೇ ಮಂದಿ ಶಿಷ್ಯರು. ಸುತ್ತಲಿನ ಮನೆಗಳು ಎಷ್ಟು ಭಿಕ್ಷೆಯನ್ನು ಹಾಕಬಲ್ಲುವೋ ಅಷ್ಟೇ ಅನ್ನ. ನೂರಾರು ಮಂದಿ ಒಂದೆಡೆಯಲ್ಲಿ ನೆರೆದು ಓದಬೇಕಾದರೆ ಮತ್ತೊಂದು ಆಧಾರವು ಬೇಕು. ಆ ಆಧಾರವೇನೆಂಬುದನ್ನು ಶಾಸನಗಳು ಹೇಳುತ್ತವೆ.

೨

ಕರ್ಣಾಟಕದ ಸಾಕ್ಷ್ಯಗಳಲ್ಲಿ ಅಗ್ರಗಣ್ಯವಾದುದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಯ ಕಂಬದ ಶಾಸನ. ಇದರ ಕಾಲ ಶಕ ೮೬೭, ಅಂದರೆ ಕ್ರಿ.ಶ. ೯೪೫, ಆಳುತ್ತಿದ್ದವನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣ. ಅವನ ಮಂತ್ರಿಯಾದ ನಾರಾಯಣನು ಆಗ ಪಾವಿಟ್ಟಗೆಯೆಂದು ಹೆಸರಾಗಿದ್ದ ಈ ಊರಿನಲ್ಲಿ ತ್ರಯೀಪುರುಷರ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಿದ್ದರು. ಊರಿನೊಡೆಯನಾದ ಚಕ್ರಾಯುಧನು ಮಹಾಜನರೊಡಗೂಡಿ ಶಾಲೆಗೆ ಬಿಟ್ಟ ದತ್ತಿಯ ವಿವರವು ಗಮನಾರ್ಹವಾಗಿದೆ. ವಿದ್ಯಾರ್ಥಿಗಳ ಪೋಷಣೆಗೆ ೫೦೦ ನಿವರ್ತನ ಭೂಮಿ. ಅವರ ವಾಸಕ್ಕೆ ೨೭ ಮನೆಗಳು. ದೀಪಗಳಿಗೆ ೧೨ ನಿವರ್ತನ. ಹೂದೋಟಕ್ಕೆ ೪ ನಿವರ್ತನ. ಉಪಾಧ್ಯಾಯನಿಗೆ ೫೦ ನಿವರ್ತನ ಮತ್ತು ಒಂದು ಮನೆ.

ಈ ಅಂಕಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬೇಕು. ಪಾಠ ಹೇಳುವವನಿಗೆ ಬಿಟ್ಟುದರ ಹತ್ತರಷ್ಟನ್ನು ಪಾಠ ಕೇಳುವವರ ಹೊಟ್ಟೆಗೆ ಬಿಟ್ಟಿದ್ದಾರೆ. ದೀಪಕ್ಕೆಂದು ಬೇರೆಯ ಭೂಮಿಯನ್ನೇ ವಿಂಗಡಿಸಿದ್ದಾರೆ. ಎಣ್ಣೆಯ ವೆಚ್ಚವು ಅನ್ನದ ವೆಚ್ಚದೊಳಗೆ ಕರಗಿಹೋಗದಿರಲೆಂಬುದೇ ಇದರ ಅಭಿಪ್ರಾಯವೆಂದು ತೋರುತ್ತದೆ. ೨೭ ಮನೆಗಳಂತೂ ಪರಸ್ಥಳದವರಿಗಾಗಿಯೇ. ಊರಿನ ಮಕ್ಕಳಿಗೆ ಅವುಗಳ ಅವಶ್ಯಕತೆಯಿರಲಾರದು. ದೂರದೇಶದ ವಿದ್ಯಾರ್ಥಿಗಳು ಪಾವಿಟ್ಟಗೆಗೆ ಬಂದುದಕ್ಕೆ ಅಲ್ಲಿಯ ವಿದ್ವತ್ತು ಎಷ್ಟು ಕಾರಣವೋ ಈ ಮನೆಗಳೂ ಅಷ್ಟೇ ಕಾರಣ.

ಭೂಮಿಯೊಂದನ್ನೇ ನೆಚ್ಚದೆ ಊರಿನವರ ಮೇಲೂ ಒಂದು ಭಾರವನ್ನು ಹೊರಿಸಿದ್ದಾರೆ. ಮದುವೆ ನಡೆದಾಗ ಶಾಲೆಗೆ ಐದು ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಆ ಅರ್ಧದರ್ಧ ಸಲ್ಲತಕ್ಕುದೆಂದು ಗೊತ್ತುಮಾಡಿದ್ದಾರೆ. ದಾತೃವಿನ ಔದಾರ್ಯವು ಒಂದು ದಿನದ್ದು, ಮದುವೆ ಮುಂಜಿಗಳು ಪ್ರತಿವರ್ಷದವು. ಶಾಲೆಯ ಬಾಳನ್ನು ಊರಿನ ಬಾಳಿಗೆ ಕಟ್ಟಿಹಾಕಿದ ಈ ಯುಕ್ತಿಯು ಪ್ರಶಂಸಾರ್ಹವಾಗಿದೆ.

೩

ಅನ್ನದ ಲೆಕ್ಕವೇ ಪ್ರವೇಶದ ಲೆಕ್ಕವೆಂಬುದಕ್ಕೆ ಅತಿಸ್ಪಷ್ಟವಾದ ನಿದರ್ಶನವು ನೆರೆಯ ತಮಿಳುನಾಡಿನಲ್ಲಿದೆ. ವಿಳುಪ್ಪುರಂ ಜಿಲ್ಲೆಯ ಎಣ್ಣಾಯಿರಂ ಎಂಬಲ್ಲಿ ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ, ಒಂದನೆಯ ರಾಜೇಂದ್ರಚೋಳನ ಕಾಲದಲ್ಲಿ, ೩೪೦ ವಿದ್ಯಾರ್ಥಿಗಳಿಗೆ ಏರ್ಪಾಡಾಗಿತ್ತು. ಇವರಲ್ಲಿ ವೇದಾಧ್ಯಯನವನ್ನೂ ಪ್ರಾರಂಭದ ವ್ಯಾಕರಣವನ್ನೂ ಮಾಡುವ ಕಿರಿಯರು ೨೭೦ ಮಂದಿ. ಹಿರಿಯರು ೭೦ ಮಂದಿ: ವ್ಯಾಕರಣಕ್ಕೆ ೨೫, ಪ್ರಾಭಾಕರಮೀಮಾಂಸೆಗೆ ೩೫, ವೇದಾಂತಕ್ಕೆ ೧೦. ಕಿರಿಯನಿಗೆ ದಿನಕ್ಕೆ ಆರು ನಾಳಿ ಬತ್ತ. ಹಿರಿಯನಿಗೆ ಒಂದು ಕುರುಣಿ ಎರಡು ನಾಳಿ, ಅಂದರೆ ಹತ್ತು ನಾಳಿ. ಒಟ್ಟಿನಲ್ಲಿ ವಿದ್ಯಾರ್ಥಿಗಳ ಸಲುವಾಗಿ ಪ್ರತಿದಿನವೂ ೨೩೨೦ ನಾಳಿ ಬತ್ತವು ವ್ಯಯವಾಗಬೇಕು.

ಇಲ್ಲಿ ಶಾಖೆಗೆ ಇಷ್ಟು ಜನವೆಂಬ ಗಣನೆಯನ್ನು ಬತ್ತದ ಅಳತೆಯಿಂದ ಬೇರ್ಪಡಿಸಲಾಗದು. ಹನ್ನೊಂದನೆಯ ವೇದಾಂತವಿದ್ಯಾರ್ಥಿಯು ಬಂದರೆ ಅವನು ಅಯೋಗ್ಯನೆಂದಲ್ಲ, ಅವನ ಪಾಲಿನ ಹತ್ತು ನಾಳಿ ಬತ್ತವಿಲ್ಲವೆಂದು ಹಿಂದಿರುಗಬೇಕಾಗುತ್ತಿತ್ತು. ಹಿರಿಯನಿಗೆ ಹೆಚ್ಚು ಕೊಟ್ಟುದಕ್ಕೆ ಕಾರಣವನ್ನು ಊಹಿಸಬಹುದು. ವಯಸ್ಸಿಗೆ ಬಂದವನ ಮೇಲೆ ಕುಟುಂಬದ ಭಾರವೂ ಬೀಳುತ್ತಿತ್ತು; ಅಧಿಕವಾದ ಬತ್ತವಿಲ್ಲದಿದ್ದರೆ ಅವನು ಶಾಸ್ತ್ರವನ್ನು ಅರ್ಧದಲ್ಲಿಯೇ ಬಿಡಬೇಕಾಗುತ್ತಿತ್ತು.

ಇದೇ ಶತಮಾನದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಒಂದು ಘಟಿಕಾಶಾಲೆಯಿತ್ತು. ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನ ದತ್ತಿಯನ್ನು ೧೦೫೮ರ ಶಾಸನವು ತಿಳಿಸುತ್ತದೆ. ವೇದಕ್ಕೆ ೨೦೦, ಶಾಸ್ತ್ರಕ್ಕೆ ೫೨ ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರಲ್ಲದೆ ಆರು ಮಂದಿ ಸರಸ್ವತೀಭಾಂಡಾರಿಗರು, ಎಂದರೆ ಪುಸ್ತಕಭಂಡಾರವನ್ನು ಕಾಯುವವರು. ಉಪಾಧ್ಯಾಯರೂ ಭಾಂಡಾರಿಗರೂ ಸಮಸಂಖ್ಯೆಯಲ್ಲಿರುವುದು ಆಕಸ್ಮಿಕವಿರಲಾರದು. ತಾಳೆಯೋಲೆಯ ಪುಸ್ತಕವನ್ನು ಹುಳುವಿನಿಂದಲೂ ತೇವದಿಂದಲೂ ಕಾಪಾಡುವುದು, ಜೀರ್ಣವಾದುದನ್ನು ಪ್ರತಿಮಾಡುವುದು ನಿತ್ಯದ ಕೆಲಸ. ತನ್ನದೆಂಬ ಪ್ರತಿಯಿಲ್ಲದ ಬಡವಿದ್ಯಾರ್ಥಿಗೆ ಈ ಆರು ಮಂದಿಯ ಸೇವೆಯು ಗುರುಸೇವೆಗಿಂತ ಕಡಿಮೆಯದಲ್ಲ.

೪

ಅನ್ನ, ವಸತಿ, ದೀಪ, ಪುಸ್ತಕಗಳಾದ ಮೇಲೆ ಉಳಿಯುವುದು ದೇಹಾರೋಗ್ಯ. ಪಾಲಾರ್ ನದೀಸಂಗಮದ ತಿರುಮುಕ್ಕೂಡಲ್ ಎಂಬಲ್ಲಿಯ ದೇವಾಲಯದಲ್ಲಿ ಚೋಳ ವೀರರಾಜೇಂದ್ರನ ಕಾಲದ ಶಾಸನವೊಂದಿದೆ. ಕಾಲ ಹನ್ನೊಂದನೆಯ ಶತಮಾನದ ಉತ್ತರಾರ್ಧ. ಅಲ್ಲಿ ವೇದಪಾಠಶಾಲೆ, ವಿದ್ಯಾರ್ಥಿನಿಲಯ, ವೈದ್ಯಶಾಲೆಗಳು ಒಂದೇ ದತ್ತಿಯಲ್ಲಿ ಅಡಕವಾಗಿವೆ. ನಿಲಯದವರಿಗೆ ಊಟ, ಮಲಗಲು ಚಾಪೆ, ರಾತ್ರಿಯ ದೀಪಕ್ಕೆ ಎಣ್ಣೆ, ಶನಿವಾರದ ಅಭ್ಯಂಜನಕ್ಕೆ ಎಣ್ಣೆ ಎಲ್ಲವೂ ಗೊತ್ತಾಗಿದ್ದುವು. ವೈದ್ಯಶಾಲೆಯಲ್ಲಿ ೧೫ ಹಾಸಿಗೆಗಳು. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಮೂಲಿಕೆ ತರುವವರು, ಶುಶ್ರೂಷೆಯ ಹೆಂಗಸರು, ಒಬ್ಬ ಕ್ಷೌರಿಕ. ಸಂಗ್ರಹಿಸಿಡಬೇಕಾದ ಔಷಧಗಳ ಹೆಸರುಗಳನ್ನೂ ಕಲ್ಲಿನಲ್ಲಿ ಬರೆದಿದ್ದಾರೆ.

ಈ ಭಾವನೆಯು ದಕ್ಷಿಣದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಏಳನೆಯ ಶತಮಾನದ ನಾಲಂದೆಗೆ ನೂರು ಗ್ರಾಮಗಳ ಆದಾಯವು ಸಲ್ಲುತ್ತಿದ್ದುದನ್ನು ಹ್ಯೂಯೆನ್ ತ್ಸಾಂಗನ ಚರಿತ್ರಕಾರನು ಬರೆದಿದ್ದಾನೆ. ಬಟ್ಟೆ, ಅನ್ನ, ಹಾಸಿಗೆ, ಔಷಧ ಎಂಬ ನಾಲ್ಕನ್ನೂ ಯಾಚಿಸಬೇಕಾಗಿಲ್ಲದಿದ್ದುದರಿಂದಲೇ ಅಲ್ಲಿಯವರ ವಿದ್ಯೆಯು ಪರಿಪೂರ್ಣವಾಯಿತೆಂಬುದು ಅವನ ವಿವರಣೆ. ಸೂತ್ರಕಾರರು ಯಾಚನೆಯನ್ನು ಶಿಷ್ಯನ ವ್ರತವೆಂದರು. ಮಹಾಶಾಲೆಗಳು ಯಾಚನೆಯಿಂದ ಬಿಡುಗಡೆಯನ್ನೇ ವಿದ್ಯೆಯ ಸಾಧನವೆಂದುವು. ಈ ಎರಡು ಆದರ್ಶಗಳನ್ನು ಒಂದೇ ಎಂದು ವರ್ಣಿಸುವುದು ಸರಿಯಲ್ಲ.

ಇಷ್ಟೆಲ್ಲ ಇದ್ದರೂ ಒಂದು ಕೊರತೆಯು ಕಾಣುತ್ತದೆ. ಶಾಲೆಯ ಹೊರಗೆ ವಿದ್ಯಾರ್ಥಿಗೆ ಅನ್ಯಾಯವಾದರೆ ಕೇಳುವವರಾರು? ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನ ವೃತ್ತಾಂತವನ್ನು ಹೇಳುತ್ತದೆ. ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಯನ್ನು ಸೇರಿದ ಅವನಿಗೆ ಪಲ್ಲವರ ಕುದುರೆಯಾಳಿನೊಡನೆ ಕಲಹವಾಯಿತು. ಅವಮಾನಕ್ಕೆ ಪರಿಹಾರವನ್ನು ಬೇಡಲು ಸ್ಥಾನವಿಲ್ಲದೆ ಅವನು ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದನು. ಕದಂಬರಾಜ್ಯದ ಉದಯವು ಇದರ ಫಲವಾದುದರಿಂದ ನಾವು ಇದನ್ನು ಅಭಿಮಾನದಿಂದ ಸ್ಮರಿಸುತ್ತೇವೆ. ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಓದು ನಿಂತುಹೋದ ಒಬ್ಬನ ಕಥೆಯೂ ಇದಾಗಿದೆ. ಅನ್ನವನ್ನಳೆಯಲು ಮಾನವಿತ್ತು, ದೂರನ್ನು ಕೇಳಲು ಪೀಠವಿರಲಿಲ್ಲ.

೫

ಇನ್ನು ಮುಖ್ಯವಾದ ಆಕ್ಷೇಪವನ್ನು ಎತ್ತಿಕೊಳ್ಳೋಣ. ಈ ದತ್ತಿಗಳ ಫಲವು ಯಾರಿಗೆ ಸಂದಿತು? ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಪುರಾಣ ಕಾವ್ಯ ನಾಟಕಗಳ ಪಠನವನ್ನು ಹೇಳಿ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ನಾನಾ ಮತಗಳ ಭಿಕ್ಷುಗಳಿಗೆ ಅಲ್ಲಿ ಅನ್ನವಿತ್ತೆಂದೂ ರೋಗಿಗಳಿಗೆ ಚಿಕಿತ್ಸೆಯಿತ್ತೆಂದೂ ತಿಳಿಸುತ್ತದೆ. ಹೊಯ್ಸಳರ ದಂಡನಾಯಕ ಪೆರುಮಾಳೆಯ ೧೨೯೦ರ ದತ್ತಿಯಲ್ಲಿ ವೇದದೊಡನೆ ನಾಗರ, ಕನ್ನಡ, ತಿಗುಳ, ಆರ್ಯವೆಂಬ ಲಿಪಿಭಾಷೆಗಳ ಬಾಲಶಿಕ್ಷೆಗೂ ಅವಕಾಶವಿದೆ. ಇವು ವಿಶಾಲಭಾವದ ಸಾಕ್ಷ್ಯಗಳೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಎಲ್ಲರಿಗೂ ಅನ್ನವಿಕ್ಕುವುದು ಬೇರೆ, ಎಲ್ಲರಿಗೂ ಪಾಠ ಹೇಳುವುದು ಬೇರೆ. ಕೋಡಿಯಮಠದಲ್ಲಿ ಉಂಡ ಕುರುಡನು ಅಲ್ಲಿ ವ್ಯಾಕರಣವನ್ನು ಓದಿದನೆಂದು ಶಾಸನವು ಹೇಳುವುದಿಲ್ಲ. ಸಾಲೊಟಗಿ, ಎಣ್ಣಾಯಿರಂ, ನಾಗಾವಿಗಳಲ್ಲಿ ಪೋಷಣೆಯು ವೇದಾಧಿಕಾರವನ್ನು ಅನುಸರಿಸಿತು. ಆದುದರಿಂದ ಬ್ರಾಹ್ಮಣೇತರರಿಗೂ ಸ್ತ್ರೀಯರಿಗೂ ಆ ೫೦೦ ನಿವರ್ತನದಲ್ಲಿ ಒಂದು ತುತ್ತೂ ಗೊತ್ತಾಗಿರಲಿಲ್ಲ. ಹೊಲವನ್ನು ಉತ್ತವನ ಮಗನು ತನ್ನ ತಂದೆ ಬೆಳೆದ ಬತ್ತದಿಂದ ನಡೆಯುವ ಶಾಲೆಯ ಹೊರಗೆ ನಿಂತನು. ಅಶನದ ಏರ್ಪಾಡೇ ಪ್ರವೇಶದ ನಿಯಮವೆಂಬ ನಮ್ಮ ಮಾತಿಗೆ ಇದೂ ಪ್ರಮಾಣವೇ, ಅಪ್ರಿಯವಾದ ಪ್ರಮಾಣ.

ಶಾಲೆಯ ಬಾಗಿಲು ಕಾನೂನಿನಿಂದ ತೆರೆದ ಮೇಲೂ ಈ ನಿಯಮವು ಬಹುಕಾಲ ಸಡಿಲಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯದರ ಆದಿಯಲ್ಲಿಯೂ ಮೈಸೂರು ಧಾರವಾಡಗಳಂತಹ ಊರುಗಳಲ್ಲಿ ಬಡಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನದಿಂದ ಓದಿದರು. ಸೂತ್ರೋಕ್ತವಾದ ಭಿಕ್ಷೆಯ ಕೊನೆಯ ರೂಪವಿದು. ಅನೇಕ ವಿದ್ವಾಂಸರನ್ನು ನಾಡಿಗೆ ಕೊಟ್ಟ ಪದ್ಧತಿ. ಆದರೂ ಸ್ವಜಾತಿಯ ಮನೆಗಳು ಪೇಟೆಯಲ್ಲಿಲ್ಲದ ಹುಡುಗನಿಗೆ ವಾರದ ಮನೆಯೂ ಇಲ್ಲ, ಓದೂ ಇಲ್ಲ. ಈ ಗಂಟನ್ನು ಸ್ಪಷ್ಟವಾಗಿ ಕಂಡವರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರು ಪ್ರಮುಖರು. ೧೯೦೧ರಲ್ಲಿ ಮರಾಠಾ ವಿದ್ಯಾರ್ಥಿನಿಲಯವನ್ನು ಆರಂಭಿಸಿ, ಮುಂದಿನ ಕೆಲವೇ ವರ್ಷಗಳಲ್ಲಿ ಜೈನ, ಲಿಂಗಾಯತ, ಮುಸಲ್ಮಾನ ಮತ್ತು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ನಿಲಯಗಳಾಗುವಂತೆ ಮಾಡಿದರು. ಕನ್ನಡ ವಿದ್ವಾಂಸರಾದ ಕೆ.ಜಿ. ಕುಂದಣಗಾರರು ಬೋಧಿಸಿದ ರಾಜಾರಾಂ ಕಾಲೇಜು ಅದೇ ನಗರದ್ದು. ಆ ಕಾಲೇಜಿನ ಬಾಗಿಲನ್ನು ಹಳ್ಳಿಯ ಮಕ್ಕಳ ಪಾಲಿಗೆ ನಿಜವಾಗಿ ತೆರೆದುದು ನಿಲಯಗಳ ಅಡುಗೆಮನೆಯೆಂದರೆ ಅತಿಶಯೋಕ್ತಿಯಾಗದು.

ಇಂದಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ಗ್ರಂಥಾಲಯ, ಆರೋಗ್ಯಕೇಂದ್ರಗಳು ಪಾಶ್ಚಾತ್ಯರನ್ನು ನೋಡಿ ತಂದುಕೊಂಡ ಉಪಾಂಗಗಳೆಂದು ಭಾವಿಸುವವರುಂಟು. ಸಾಲೊಟಗಿಯ ಕಂಬವು ಆ ಭಾವನೆಯನ್ನು ತಿದ್ದುತ್ತದೆ. ಮತ್ತೆ ಪ್ರಾಚೀನರಲ್ಲಿ ಎಲ್ಲವೂ ಇತ್ತೆಂದು ತೃಪ್ತರಾಗುವವರನ್ನೂ ಅದೇ ಕಂಬವು ಎಚ್ಚರಿಸುತ್ತದೆ. ಪೋಷಣೆಗೆ ಶಾಶ್ವತವಾದ ಮೂಲವಿರಬೇಕು, ಒಬ್ಬೊಬ್ಬನ ಪಾಲಿಗೂ ಅಳತೆಯಿರಬೇಕು, ಅದು ಬಹಿರಂಗವಾಗಿ ಬರೆದಿಟ್ಟುದಾಗಿರಬೇಕು ಎಂಬ ಮೂರನ್ನು ಪ್ರಾಚೀನರಿಂದ ಕಲಿಯಬಹುದು. ಆ ಪಾಲು ಯಾರಿಗೆ ಸಲ್ಲಬೇಕೆಂಬ ನಾಲ್ಕನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರವು ಸಂಕುಚಿತವಾಗಿತ್ತು. ಇನ್ನು ಮುಂದೆ ಯಾವ ವಿದ್ಯಾಸಂಸ್ಥೆಯ ಚರಿತ್ರೆಯನ್ನು ಬರೆಯುವವರೂ ಅದರ ಪಾಠಪಟ್ಟಿಯನ್ನು ನೋಡುವುದಕ್ಕೆ ಮುಂಚೆ ಅದರ ಉಗ್ರಾಣದ ಲೆಕ್ಕವನ್ನು ನೋಡುವುದು ಲೇಸು. ಅಲ್ಲಿ ಯಾರ ಎಲೆಗೆ ಅನ್ನ ಬಿದ್ದಿತ್ತೆಂಬುದು ತಿಳಿದರೆ ಯಾರ ಕಿವಿಗೆ ವಿದ್ಯೆ ಬಿದ್ದಿತೆಂಬುದು ತಾನಾಗಿಯೇ ತಿಳಿಯುವುದು.