ಮಟ್ಟಿಗೆ ಮಡಿಯುಂಟೆ?

ದೇವರ ಮುಂದೆ ಯಾವ ಹಾಡು ಸಲ್ಲುವುದು, ಯಾವುದು ಸಲ್ಲದು ಎಂಬ ಜಗಳ ನಮ್ಮ ರಾಯಚೂರು ಸೀಮೆಗೆ ಹೊಸದಲ್ಲ. ನಾನು ಜಾಲಹಳ್ಳಿಯವನು. ನಮ್ಮ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಅವರ ಗುರುಗಳಾದ ವಿಜಯದಾಸರು ಮಾನ್ವಿಯ ಕಡೆಯ ಚೀಕಲಪರವಿಯವರು. ಬ್ಯಾಗವಾಟದ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು, ಕನ್ನಡದಲ್ಲಿ ಹಾಡುತ್ತ ಕುಣಿಯುವ ಈ ದಾಸರನ್ನು ಹಗುರಾಗಿ ಕಂಡರಂತೆ. ಮುಂದೆ ಹೊಟ್ಟೆಶೂಲೆಯಿಂದ ಕಂಗೆಟ್ಟಾಗ ಗೋಪಾಲದಾಸರೇ ಜೋಳದ ರೊಟ್ಟಿಯೊಡನೆ ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ನಮ್ಮ ಹಿರಿಯರು ಹೇಳುತ್ತಾರೆ. ನಂಬುವುದು ಬಿಡುವುದು ವಾಚಕರಿಗೆ ಸೇರಿದ್ದು. ಆ ಆಚಾರ್ಯರೇ ಜಗನ್ನಾಥದಾಸರಾಗಿ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದ್ದಂತೂ ದಿಟ.

ಈ ಹಳೆಯ ಕಥೆಯನ್ನು ನನಗೆ ನೆನಪಿಗೆ ತಂದದ್ದು ಕ್ರೈಸ್ತರದೊಂದು ಹಾಡು. 1972ರಲ್ಲಿ ಲ್ಯಾರಿ ನಾರ್ಮನ್ ಎಂಬ ಅಮೆರಿಕದ ಗಾಯಕನು, ಒಳ್ಳೆಯ ಸಂಗೀತವೆಲ್ಲ ಸೈತಾನನಿಗೇ ಏಕೆ ಸಲ್ಲಬೇಕೆಂದು ಕೇಳುವ ಹೆಸರಿಟ್ಟು ಒಂದು ‘ರಾಕ್’ ಹಾಡನ್ನು ಹೊರತಂದನು. ಭುಜದ ಮೇಲೆ ಇಳಿಬಿದ್ದ ಕೂದಲು, ಕಾಲು ತಾಳ ಹಾಕದೆ ನಿಲ್ಲಲಾರದಂಥ ಲಯ. ಭಕ್ತರು ಅನೇಕರು ಕಿವಿ ಮುಚ್ಚಿಕೊಂಡರು. ಅವನ ತಟ್ಟೆಗಳನ್ನು ಮಾರಲು ಹಲವು ಕ್ರೈಸ್ತ ಪುಸ್ತಕದಂಗಡಿಗಳೂ ಹಿಂಜರಿದವು. ನನಗೆ ಅದು ಹಿಡಿಸಿತು. ಅದು ಪ್ರಾರ್ಥನೆಗಿಂತ ಹೆಚ್ಚಾಗಿ ವಾದ ಹೂಡುವ ಹಾಡು, ನಿಜ. ಆದರೆ ಗದರಿಸಿದವರೊಡನೆ ಸಿಟ್ಟಿಲ್ಲದೆ, ನಗುತ್ತ ವಾದಿಸುತ್ತದೆ. ತನ್ನ ದೇವರಲ್ಲಿ ಅಷ್ಟು ಸಲಿಗೆ ಉಳ್ಳವನ ಹಾಡನ್ನು ಆರಾಧನೆಯಲ್ಲವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ರಾಕ್ ಸಂಗೀತ ಹುಟ್ಟಿದ್ದು ಕುಣಿತದ ಮನೆಯಲ್ಲಿ, ಅದು ಗುಡಿಯೊಳಗೆ ಬರಲಾಗದು ಎಂಬುದು ಆಕ್ಷೇಪಿಸುವವರ ಮುಖ್ಯ ಮಾತು. ಹುಟ್ಟನ್ನು ಕೇಳಹೊರಟರೆ ಚರ್ಚಿನಲ್ಲಿ ಎಷ್ಟು ಮಟ್ಟುಗಳು ಉಳಿದಾವು? 1601ರಲ್ಲಿ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರನು ಪ್ರಕಟಿಸಿದ ಒಂದು ಹಾಡು, ಹೆಣ್ಣೊಬ್ಬಳಿಗಾಗಿ ಮನಸ್ಸು ಕದಡಿಹೋದವನ ಪ್ರೇಮಗೀತೆ. ಅದೇ ಮಟ್ಟಿಗೆ ಮುಂದೆ ಪೌಲ್ ಗೆರ್ಹಾರ್ಟನು ಬರೆದ, ಕ್ರಿಸ್ತನ ಗಾಯಗೊಂಡ ಶಿರಸ್ಸನ್ನು ಕುರಿತ ಕೀರ್ತನೆ ಕೂಡಿಕೊಂಡಿತು. ಬಾಖ್ ಮಹಾಶಯನು ಮತ್ತಾಯನ ಸುವಾರ್ತೆಯ ಆಧಾರದ ಮೇಲೆ ರಚಿಸಿದ ಮಹಾಕೃತಿಯಲ್ಲಿ ಅದನ್ನು ಮತ್ತೆ ಮತ್ತೆ ತಂದನು. ಶುಭ ಶುಕ್ರವಾರದಂದು ಅದನ್ನು ಹಾಡಿ ಕಣ್ಣೀರಿಡುವವರಲ್ಲಿ ಎಷ್ಟು ಜನಕ್ಕೆ ಆ ಹುಡುಗಿಯ ನೆನಪಾದೀತು?

ನಮ್ಮ ನಾಡಿನ ಚರ್ಚುಗಳಲ್ಲಿ ತೊಡಕು ಇನ್ನೊಂದು ಬಗೆಯದು. ಬಾಸೆಲ್ ಮಿಶನ್ನಿನವರು ಜರ್ಮನ್ ಮಟ್ಟುಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದರು. ಹಾಗೆ ಹೊಂದಿಸುವಾಗ ಹ್ರಸ್ವವನ್ನು ಎಳೆಯಬೇಕು, ದೀರ್ಘವನ್ನು ಮೊಟಕಬೇಕು. ಕೇಳುವ ಕನ್ನಡಿಗನ ಕಿವಿಗೆ ಮಾತು ಕುಂಟಿದಂತಾಗುತ್ತದೆ. 1853ರಲ್ಲಿ ಇಲ್ಲಿಗೆ ಬಂದ ಕಿಟೆಲ್‌ರು ಬೇರೆ ದಾರಿ ಹಿಡಿದು, 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮದೇ ಛಂದಸ್ಸಿಗೆ ಇಳಿಸಿದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವರೂ ಅವರೇ. ಜನ ಅವರನ್ನು 1894ರ ನಿಘಂಟಿನಿಂದಲೇ ಬಲ್ಲರು. ‘ಕಥಾಮಾಲೆ’ಯನ್ನು ಓದಿದವರು ವಿರಳ. ಇದು ನಮ್ಮ ದುರದೃಷ್ಟ. ರೋಮಿನ ಕಥೋಲಿಕ ಸಭೆಯಾದರೋ, ಮಿಶನ್ ಸೀಮೆಗಳಲ್ಲಿ ಆಯಾ ಜನರ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದು ಸಾರಿದ್ದು 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲಕ್ಕೆ. ಕಿಟೆಲ್‌ರ ಪುಸ್ತಕಕ್ಕೆ ಆಗಲೇ ನೂರು ವರ್ಷ ಕಳೆದಿತ್ತು.

ಈಗ ನಮ್ಮ ಕಡೆಯ ತರುಣರು ಕ್ರಿಸ್‌ಮಸ್ಸಿಗೆ ಗಿಟಾರು, ಡ್ರಮ್ಮು ಹಿಡಿದರೆ ಹಿರಿಯರು ಹಾರ್ಮೋನಿಯಮ್ಮಿನ ಹಾಡೇ ಪರಂಪರೆಯೆನ್ನುತ್ತಾರೆ. ಹಾರ್ಮೋನಿಯಮ್ ಯಾವ ಊರಿನದು ಸ್ವಾಮಿ? ಅದೂ ಯೂರೋಪಿನಿಂದ ಹಡಗೇರಿ ಬಂದದ್ದಲ್ಲವೆ!

ಹಾಗೆಂದು ರಾಕಿನ ಮೇಲೆ ನನಗೆ ದೂರಿಲ್ಲವೆಂದಲ್ಲ. ದಾಸರ ಪದದಲ್ಲಿ ತಂಬೂರಿ, ಚಿಟಿಕೆಗಳು ಮನುಷ್ಯನ ದನಿಗೆ ಜಾಗ ಬಿಟ್ಟುಕೊಡುತ್ತವೆ; ಒಬ್ಬರು ಪಲ್ಲವಿಯೆತ್ತಿದರೆ ಹಿಂದೆ ಕುಳಿತ ಮುದುಕಿಯೂ ಹಿಡಿಯಬಲ್ಲಳು. ಯಂತ್ರ ಹಚ್ಚಿ ಗಿಟಾರಿನ ಸದ್ದನ್ನು ಏರಿಸಿದಾಗ ವೇದಿಕೆಯ ಮೇಲಿನ ನಾಲ್ವರು ಹಾಡುತ್ತಾರೆ, ಸಭೆ ಸುಮ್ಮನೆ ಕೇಳುತ್ತದೆ. ನಾರ್ಮನ್‌ನ ಹಾಡಿನ ಪಲ್ಲವಿಯನ್ನಾದರೋ ಚಪ್ಪಾಳೆಯೊಂದಿದ್ದರೆ ಯಾರೂ ಹಾಡಬಹುದು. ಇನ್ನು ಧ್ವನಿವರ್ಧಕದ ಮಾತಿಗೆ ಬಂದರೆ, ನಮ್ಮ ಭಜನೆಯ ಮೇಳಗಳವರೂ ಇತ್ತೀಚೆಗೆ ಬೆಳಗಿನ ಜಾವದವರೆಗೆ ಊರನ್ನು ಮಲಗಗೊಡುವುದಿಲ್ಲ.