ಇರುಳಿನ ಗುರಿ

ಭಾರತದ ಆದಿಪರ್ವದಲ್ಲಿ ಒಂದು ಪುಟ್ಟ ಪ್ರಸಂಗ ಬರುತ್ತದೆ. ಅರ್ಜುನನು ರಾತ್ರಿ ಉಣ್ಣುತ್ತಿರುವಾಗ ಗಾಳಿ ಬೀಸಿ ದೀಪ ಆರುತ್ತದೆ. ಕತ್ತಲಲ್ಲಿಯೂ ಕೈ ತಪ್ಪದೆ ಬಾಯಿಗೇ ಹೋಗುವುದನ್ನು ಅವನು ಗಮನಿಸಿ, ಅಭ್ಯಾಸವಿದ್ದರೆ ಬಾಣಕ್ಕೂ ಬೆಳಕು ಬೇಡವೆಂದು ತಿಳಿದು, ಅಂದಿನಿಂದ ಇರುಳಿನಲ್ಲಿ ಬಿಲ್ಲು ಹಿಡಿಯುತ್ತಾನೆ. ಮೆಚ್ಚತಕ್ಕ ಬುದ್ಧಿಯೇ ಸರಿ. ಆದರೆ ಬಾಯಿ ಅವನದೇ. ಅದು ಎಲ್ಲಿದೆಯೆಂದು ಕೈಗೆ ಗೊತ್ತು. ಎದುರಿಗೆ ನಿಂತವನು ಯಾರೆಂಬುದು ಕೈಗೆ ಹೇಗೆ ಗೊತ್ತಾಗಬೇಕು? ದಶರಥನು ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟನಷ್ಟೆ. ಅವನ ಗುರಿ ತಪ್ಪಲಿಲ್ಲ, ಗುರುತು ತಪ್ಪಿತು.

ಪಿಸ್ತೂಲು ಹಿಡಿದು ಇರುಳಿನಲ್ಲಿ ಹೋಗಬೇಕಾದವರ ನಡುವೆ, ಅದರಲ್ಲೂ ಅಮೆರಿಕದ ಪೊಲೀಸರ ನಡುವೆ, ಬಹುಕಾಲದಿಂದ ನಡೆದಿರುವ ಒಂದು ವಾದದ ತಿರುಳು ಇದೇ ಆಗಿದೆ. ಪಿಸ್ತೂಲಿನ ಕೊಳವೆಯ ತುದಿಯಲ್ಲಿ ಒಂದು ಗುರಿಮೊಳೆ, ಹಿಂದೆ ಒಂದು ಕಚ್ಚು ಇರುತ್ತವೆ. ಮೊಳೆಯು ಕಚ್ಚಿನ ನಡುವೆ ನಿಂತಾಗ ಗುರಿ ಸಮವಾಯಿತೆಂದು ಲೆಕ್ಕ. ಕತ್ತಲಲ್ಲಿ ಇವು ಕಾಣುವುದಿಲ್ಲ. ಹಾಗಾದರೆ ಮೊಳೆಯನ್ನೇ ಹೊಳೆಯುವಂತೆ ಮಾಡಬೇಕೆ, ಇಲ್ಲವೆ ಪಿಸ್ತೂಲಿಗೇ ದೀಪ ಕಟ್ಟಬೇಕೆ?

ದೀಪವೆಂದರೆ ಸಿಪಾಯಿಗೆ ಹಿಂದಿನಿಂದಲೂ ಅಂಜಿಕೆ. ಬತ್ತಿಯಿಂದ ಮದ್ದು ಹೊತ್ತಿಸುತ್ತಿದ್ದ ಕೋವಿಗಳ ಕಾಲದಲ್ಲಿ, ಉರಿಯುವ ಬತ್ತಿಯ ಕೆಂಡವೇ ಇರುಳಿನಲ್ಲಿ ಹಗೆಗೆ ದಾರಿ ತೋರಿಸುತ್ತಿತ್ತು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ, 1643ರ ಜುಲೈನಲ್ಲಿ, ಬಾತ್ ಪಟ್ಟಣದ ಬಳಿಯ ಲ್ಯಾನ್ಸ್‌ಡೌನ್ ಗುಡ್ಡದಲ್ಲಿ ಸೇನಾನಿ ವಾಲರ್ ಈ ಕೇಡನ್ನೇ ಉಪಾಯವಾಗಿ ತಿರುಗಿಸಿದ. ಉರಿಯುವ ಬತ್ತಿಗಳನ್ನು ಗೋಡೆಯ ಮೇಲೆ ಇರಿಸಿ, ತನ್ನ ಸೈನ್ಯವನ್ನು ಕತ್ತಲಲ್ಲಿ ಸದ್ದಿಲ್ಲದೆ ಹಿಂದಕ್ಕೆ ಕರೆದೊಯ್ದ. ರಾಜನ ಪಕ್ಷದವರಿಗೆ ಕೆಂಡ ಕಂಡಿತು. ಆಳುಗಳು ಅಲ್ಲಿಲ್ಲವೆಂಬುದು ತಡವಾಗಿ ತಿಳಿಯಿತು.

ಹಗೆಗೆ ಕಾಣದೆ ತನಗೆ ಮಾತ್ರ ಕಾಣುವ ಬೆಳಕು ದೊರೆತದ್ದು ರೇಡಿಯಮ್ಮಿನಿಂದ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ಈ ಧಾತುವನ್ನು ಸತುವಿನ ಸಲ್ಫೈಡಿನೊಡನೆ ಬೆರೆಸಿದರೆ, ಇರುಳೆಲ್ಲ ಮಂದವಾಗಿ ಹೊಳೆಯುವ ಬಣ್ಣವಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಅದನ್ನು ಗಡಿಯಾರದ ಮುಖಕ್ಕೂ, ವಿಮಾನದ ಮಾಪಕಗಳಿಗೂ, ಬಂದೂಕಿನ ಗುರಿಮೊಳೆಗೂ ಬಳಿದರು. ಬೆಲೆ ತೆತ್ತವರು ಬೇರೆ. ನ್ಯೂಜೆರ್ಸಿಯ ಆರೆಂಜ್ ಊರಿನ ಕಾರ್ಖಾನೆಯಲ್ಲಿ ಗಡಿಯಾರದ ಅಂಕೆಗಳನ್ನು ಬರೆಯುತ್ತಿದ್ದ ಹುಡುಗಿಯರು, ಕುಂಚದ ಮೊನೆ ಚೂಪಾಗಲೆಂದು ಅದನ್ನು ತುಟಿಯಲ್ಲಿ ಒತ್ತುತ್ತಿದ್ದರು. ಹಾಗೆ ಮಾಡಿರೆಂದು ಕಲಿಸಿದ್ದರು ಕೂಡ. ದವಡೆಯ ಮೂಳೆ ಕೊಳೆತು ಹಲವರು ಸತ್ತರು. ಐವರು 1927ರಲ್ಲಿ ದಾವೆ ಹೂಡಿ, ಮರುವರ್ಷ ಪರಿಹಾರ ಪಡೆದರು. ಹೊಳೆಯುವ ಚುಕ್ಕೆಯ ಕಥೆ ಹೇಳುವವರು ಇವರನ್ನು ಬಿಟ್ಟು ಹೇಳಬಾರದು.

ಈಗ ಪಿಸ್ತೂಲಿನ ಮೊಳೆಯಲ್ಲಿರುವುದು ಟ್ರಿಷಿಯಮ್, ಅಂದರೆ ಜಲಜನಕದ ಒಂದು ವಿಕಿರಣಶೀಲ ರೂಪ. ಒಳಗೆ ಹೊಳಪಿನ ಪುಡಿ ಸವರಿದ ಸಣ್ಣ ಗಾಜಿನ ಕೊಳವೆಯಲ್ಲಿ ಈ ಅನಿಲವನ್ನು ತುಂಬಿ ಮುಚ್ಚುತ್ತಾರೆ. ಅದರ ಕಿರಣ ಗಾಜನ್ನು ದಾಟಲಾರದು. ಸುಮಾರು 12 ವರ್ಷಕ್ಕೆ ಅನಿಲ ಅರ್ಧಕ್ಕಿಳಿಯುವುದರಿಂದ ಹೊಳಪೂ ಇಳಿಯುತ್ತದೆ. 1980ರ ದಶಕದಿಂದೀಚೆಗೆ ಈ ಹಸುರು ಚುಕ್ಕೆಗಳು ಬಹಳ ಹರಡಿದವು.

ಗುರಿಮೊಳೆಯ ಗೋಜೇ ಬೇಡವೆಂದವರೂ ಉಂಟು. ಶಾಂಘೈ ನಗರದ ಪೊಲೀಸರಲ್ಲಿ, ನಮ್ಮ ಸಿಖ್ಖರೂ ಅನೇಕರು ದುಡಿದ ಪಡೆಯಲ್ಲಿ, ಅಧಿಕಾರಿಗಳಾಗಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ 1942ರಲ್ಲಿ ಒಂದು ಪುಸ್ತಕ ಬರೆದರು. ಗುಂಡಿನ ಕಾಳಗ ನಡೆಯುವುದು ಕೆಲವೇ ಗಜಗಳ ಅಂತರದಲ್ಲಿ, ಮಬ್ಬಿನಲ್ಲಿ, ಕ್ಷಣಮಾತ್ರದಲ್ಲಿ. ಮೊಳೆ ನೋಡುತ್ತ ಕುಳಿತವನು ಬದುಕುವುದಿಲ್ಲ. ಆದ್ದರಿಂದ ಬೆರಳು ತೋರಿಸುವಂತೆ ಪಿಸ್ತೂಲು ತೋರಿಸಿ ಹೊಡೆಯಬೇಕು ಎಂಬುದು ಅವರ ಮತ. ಅರ್ಜುನನ ಊಟದ ಪಾಠವೇ ಇದು.

ಇನ್ನು ಟಾರ್ಚಿನ ಮಾತು. ಹಗೆ ಬೆಳಕಿಗೇ ಗುಂಡು ಹಾಕುವನೆಂದು, ಅಮೆರಿಕದ ಎಫ್‌ಬಿಐಯವರು ಟಾರ್ಚನ್ನು ಮೈಯಿಂದ ದೂರಕ್ಕೆ ಚಾಚಿ ಹಿಡಿಯಲು ಕಲಿಸಿದರು. ಆಗ ಪಿಸ್ತೂಲಿಗೆ ಒಂದೇ ಕೈ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಮೈಕೇಲ್ ಹ್ಯಾರೀಸ್ 1970ರ ದಶಕದಲ್ಲಿ ಎರಡು ಮುಂಗೈಗಳ ಬೆನ್ನು ಒಂದಕ್ಕೊಂದು ತಾಗುವಂತೆ ಹೆಣೆದು ಹಿಡಿಯುವುದನ್ನು ಬಳಕೆಗೆ ತಂದ. 1990ರ ದಶಕದಲ್ಲಿ ಕೊಳವೆಯ ಕೆಳಗೆ ದೀಪ ಸಿಕ್ಕಿಸುವ ಗಾಡಿಯುಳ್ಳ ಪಿಸ್ತೂಲುಗಳೇ ಬಂದವು. ಆಮೇಲೆ ಎಲ್‌ಇಡಿ ಬಂದು, ಹೆಬ್ಬೆರಳಿನಷ್ಟು ದೀಪ ಕಣ್ಣು ಕುಕ್ಕುವಂತಾಯಿತು.

ನನ್ನ ಮಟ್ಟಿಗೆ ಹಸುರು ಚುಕ್ಕೆಯ ಪಕ್ಷ ಸಣ್ಣದು. ನನ್ನ ಪಿಸ್ತೂಲು ಎಲ್ಲಿದೆಯೆಂದು ಅದು ಹೇಳುತ್ತದೆ; ಎದುರಿನವನ ಕೈಯಲ್ಲಿ ಏನಿದೆಯೆಂದು ಹೇಳದು. 1999ರ ಫೆಬ್ರವರಿ 4ರ ನಡುರಾತ್ರಿಯ ಮೇಲೆ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಗಿನಿ ದೇಶದಿಂದ ಬಂದಿದ್ದ 23 ವರ್ಷದ ಅಮಡು ಡಿಯಾಲೊ ತನ್ನ ಮನೆಯ ಬಾಗಿಲಲ್ಲಿ ಜೇಬಿನ ಕೈಚೀಲ ತೆಗೆದ. ಮಫ್ತಿಯಲ್ಲಿದ್ದ ನಾಲ್ವರು ಪೊಲೀಸರಿಗೆ ಅದು ಪಿಸ್ತೂಲಾಗಿ ಕಂಡಿತು. ಹಾರಿಸಿದ ಗುಂಡು 41, ತಗುಲಿದ್ದು 19. ಮರುವರ್ಷ ನ್ಯಾಯಾಲಯ ನಾಲ್ವರನ್ನೂ ಬಿಟ್ಟಿತು. ಅಲ್ಲಿ ಗುರಿಮೊಳೆ ಹೊಳೆಯುತ್ತಿದ್ದರೆ 41ರಲ್ಲಿ ಇನ್ನೂ ಹೆಚ್ಚು ತಾಗುತ್ತಿದ್ದವು, ಅಷ್ಟೆ.

ಹಾಗೆಂದು ದೀಪವನ್ನು ಪಿಸ್ತೂಲಿಗೆ ಕಟ್ಟಿದರೆ ಮುಗಿಯಿತೆ? ನೋಡಬೇಕಾದುದರ ಕಡೆಗೆಲ್ಲ ಆಗ ಪಿಸ್ತೂಲಿನ ಬಾಯಿಯೂ ತಿರುಗಬೇಕು. ಮಗುವಿನ ಕಡೆಗೂ, ಮನೆಯೊಡೆಯನ ಕಡೆಗೂ. 2010ರಲ್ಲಿ ಟೆಕ್ಸಾಸಿನ ಪ್ಲೇನೊ ನಗರದಲ್ಲಿ ಪೊಲೀಸನೊಬ್ಬ ದೀಪದ ಗುಂಡಿ ಒತ್ತಲು ಹೋಗಿ ಟ್ರಿಗರು ಒತ್ತಿ, ಎದುರಿನವನು ಸತ್ತ. ಬೇರೆ ಕೈಯಲ್ಲಿ ಟಾರ್ಚಿದ್ದರೂ ಕೇಡು ತಪ್ಪೀತೆಂಬ ಭರವಸೆಯಿಲ್ಲ. 2014ರ ನವೆಂಬರಿನಲ್ಲಿ ಬ್ರೂಕ್ಲಿನ್ನಿನ ಒಂದು ವಸತಿಯಲ್ಲಿ, ದೀಪ ಕೆಟ್ಟಿದ್ದ ಮೆಟ್ಟಿಲಿನ ಮೇಲೆ, ಒಂದು ಕೈಯಲ್ಲಿ ಟಾರ್ಚು ಇನ್ನೊಂದರಲ್ಲಿ ಪಿಸ್ತೂಲು ಹಿಡಿದಿದ್ದ ಹೊಸ ಪೊಲೀಸನ ಗುಂಡು ಹಾರಿ, ಗೋಡೆಗೆ ಬಡಿದು, ಕೆಳಗಿನ ಅಂತಸ್ತಿನಲ್ಲಿದ್ದ ನಿರಾಯುಧನ ಎದೆಗೆ ಹೊಕ್ಕಿತು. ಬೆರಳನ್ನು ಟ್ರಿಗರಿನ ಹೊರಗಿರಿಸುವುದಕ್ಕೆ ಯಾವ ದೀಪವೂ ಬೇಕಿಲ್ಲ.

ಹೀಗಾಗಿ ಪಿಸ್ತೂಲಿಗೆ ದೀಪ ಕಟ್ಟಿಕೊಳ್ಳುವ ಪೊಲೀಸರಿಗೂ ಸೊಂಟದಲ್ಲಿ ಬೇರೊಂದು ಕೈಟಾರ್ಚು ಇರಲೇಬೇಕೆಂದು ಕಲಿಸುವ ಗುರುಗಳು ಅಲ್ಲಿ ಈಗ ಅನೇಕರಿದ್ದಾರೆ: ಹುಡುಕುವುದಕ್ಕೆ ಅದು, ಹೊಡೆಯಲೇಬೇಕಾದಾಗ ಇದು.