ತೊಗಲುಗೊಂಬೆ, ಸುಲ್ತಾನನ ಹುಲಿ, ಯಂತ್ರದ ಘೇಂಡಾಮೃಗ

ಯಂತ್ರಕ್ಕೂ ಮೃಗಕ್ಕೂ ನಂಟು ಕಲ್ಪಿಸುವುದು ಕಂಪ್ಯೂಟರ್ ಯುಗದ ಹೊಸ ಹುಚ್ಚೆಂದು ಹಲವರು ಭಾವಿಸುತ್ತಾರೆ. ಇತಿಹಾಸವನ್ನು ಬೋಧಿಸಿದ ನನಗೆ ಹಾಗೆನಿಸುವುದಿಲ್ಲ. ನಮ್ಮ ನಾಡಿನ ಹಳ್ಳಿಗಳಲ್ಲಿ ಕಿಳ್ಳೇಕ್ಯಾತರು ಬಿಳಿಯ ಪರದೆ ಕಟ್ಟಿ, ಹಿಂದೆ ದೀಪವಿರಿಸಿ ಆಡಿಸುತ್ತಿದ್ದ ತೊಗಲುಗೊಂಬೆಗಳನ್ನು ನೆನೆಯಿರಿ. ಆಡಿನ ಚರ್ಮವನ್ನು ಹದಗೊಳಿಸಿ, ಬಣ್ಣ ಬಳಿದು ಮಾಡಿದ ಹನುಮಂತನೂ ಜಟಾಯುವೂ ಪರದೆಯ ಮೇಲೆ ಮಾತನಾಡುತ್ತಿದ್ದರು. ಸತ್ತ ಪ್ರಾಣಿಯ ತೊಗಲಿಗೆ ಮನುಷ್ಯನ ಕೈ ಮತ್ತೆ ಚಲನೆ ಕೊಡುತ್ತಿತ್ತು.

1761ರಲ್ಲಿ ಹೈದರಾಲಿಯು ಸಿರಾದ ನವಾಬನೆಂಬ ಬಿರುದು ಪಡೆದುದನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಅವನ ಮಗ ಟಿಪ್ಪುವಿನಲ್ಲಿ ಮರದ ಹುಲಿಯೊಂದಿತ್ತು. ಹಿಡಿಕೆ ತಿರುಗಿಸಿದರೆ ಹುಲಿ ಗರ್ಜಿಸುವುದು, ಅದರ ಕೆಳಗೆ ಬಿದ್ದ ಯುರೋಪಿಯನ್ನನು ನರಳುವನು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅದು ಇಂಗ್ಲೆಂಡಿಗೆ ಸಾಗಿತು. ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಈ ಪರಂಪರೆಯ ಇತ್ತೀಚಿನ ಕೊಂಡಿ 2019ರದು. ಕೀನ್ಯಾದಲ್ಲಿ 2018ರ ಮಾರ್ಚ್‌ನಲ್ಲಿ ಸುಡಾನ್ ಎಂಬ ಹೆಸರಿನ, ಉತ್ತರದ ಬಿಳಿ ಘೇಂಡಾಮೃಗಗಳ ಕೊನೆಯ ಗಂಡು, ಅಸುನೀಗಿತು. ಉಳಿದವು ಎರಡು ಹೆಣ್ಣುಗಳು ಮಾತ್ರ. ಮರುವರ್ಷ ಬ್ರಿಟನ್ನಿನ ಕಲಾವಿದೆ ಅಲೆಕ್ಸಾಂಡ್ರಾ ಡೈಸಿ ಗಿನ್ಸ್‌ಬರ್ಗ್ ‘ದಿ ಸಬ್‌ಸ್ಟಿಟ್ಯೂಟ್’, ಅಂದರೆ ‘ಬದಲಿ’, ಎಂಬ ವಿಡಿಯೋ ಕೃತಿಯನ್ನು ರಚಿಸಿದರು. ಅದರಲ್ಲಿ ಘೇಂಡಾಮೃಗವು ನಿಜಗಾತ್ರದಲ್ಲಿ, ಮೊದಲು ಮಸುಕಾದ ಚೌಕಗಳಾಗಿ ತೋರುತ್ತದೆ. ಖಾಲಿ ಕೋಣೆಯಲ್ಲಿ ಅಡ್ಡಾಡುತ್ತ, ಸುತ್ತಲನ್ನು ಅರಿತಂತೆಲ್ಲ ರೂಪ ಸ್ಪಷ್ಟವಾಗುತ್ತದೆ. ಅದರ ನಡೆಗೆ ಆಧಾರ ಕೃತಕ ಬುದ್ಧಿಮತ್ತೆಯ ಸಂಶೋಧನೆ. ಹೊಸ ಬುದ್ಧಿಯನ್ನು ಸೃಷ್ಟಿಸಲು ಇಷ್ಟು ಆತುರಪಡುವ ನಾವು ಇರುವ ಜೀವಿಗಳನ್ನೇಕೆ ಕಡೆಗಣಿಸುತ್ತೇವೆ ಎಂಬುದೇ ಕೃತಿಯ ಪ್ರಶ್ನೆ.

ಈ ಪ್ರಶ್ನೆ ನಮ್ಮ ಊರುಗಳಿಗೂ ಸಲ್ಲುತ್ತದೆ. ಕೃಷ್ಣಮೃಗವನ್ನು ಅಟ್ಟಿ ಹಿಡಿಯುತ್ತಿದ್ದ ಸಿವಂಗಿಯು ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಣೆಯಾಯಿತು. 2022ರಲ್ಲಿ ನಮೀಬಿಯಾದಿಂದ ತರಿಸಬೇಕಾಯಿತು. ಕೃಷ್ಣಮೃಗವು ಮಾತ್ರ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಉಳಿದಿದೆ. 2007ರಲ್ಲಿ ಸಂರಕ್ಷಿತವಾದ ಈ ನೆಲಕ್ಕೆ, ಕೊರಟಗೆರೆಯ ಮೇಲೆ ಹರಿದುಬರುವ ಜಯಮಂಗಲಿಯ ಹೆಸರಿದೆ. ವಿಸ್ತೀರ್ಣ 798 ಎಕರೆ. ನೆರೆಯ ಪಾವಗಡದ ಸೌರ ವಿದ್ಯುತ್ ಪಾರ್ಕಿನದು ಸುಮಾರು 13,000 ಎಕರೆ. ಮಳೆ ಕೈಕೊಟ್ಟ ರೈತರಿಗೆ ಅದು ಗುತ್ತಿಗೆಯ ಹಣ ತಂದಿದೆ. ಅದನ್ನು ನಾನು ಹಳಿಯಲಾರೆ. ಆದರೆ ಯಂತ್ರದ ಬುದ್ಧಿಗೆ ವಿದ್ಯುತ್ತೇ ಆಹಾರ, ಮೃಗಕ್ಕೆ ಹುಲ್ಲೇ ಆಹಾರ. ಎರಡಕ್ಕೂ ಬೇಕಾದುದು ಇದೇ ಬಯಲು.

ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಿಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರವರು ತಮ್ಮವೆಂದೇ ಕಾಯುತ್ತ ಬಂದಿದ್ದಾರೆ. ಬಾಂಧವ್ಯವೆಂದರೆ ಇದು ಎಂದು ನನಗೆ ತೋರುತ್ತದೆ. ಗೊಂಬೆಯನ್ನಾಗಲಿ ಯಂತ್ರವನ್ನಾಗಲಿ ನಾವು ಮತ್ತೊಮ್ಮೆ ಮಾಡಿಕೊಳ್ಳಬಹುದು. ಅಳಿದ ಕುಲವನ್ನು ಹಾಗೆ ಮಾಡಿಕೊಳ್ಳಲಾಗದು. ನಿಮ್ಮ ಮಕ್ಕಳಿಗೆ ಆ ವಿಡಿಯೋವನ್ನು ಅವಶ್ಯವಾಗಿ ತೋರಿಸಿರಿ. ಅದಕ್ಕೂ ಮೊದಲು ಒಂದು ಮುಂಜಾನೆ ಮೈದನಹಳ್ಳಿಗೆ ಕರೆದೊಯ್ದು, ದೂರದಲ್ಲೇ ನಿಂತು, ಮೇಯುತ್ತಿರುವ ಹಿಂಡನ್ನು ತೋರಿಸಿರಿ.